ಮೇಲಿನವರು ಬಿಟ್ಟ ನೀರು

ಆ ಪಾಠಕ್ಕೆ ನನಗೆ ಬಿದ್ದ ಬೆಲೆ ಹಳ್ಳದ ಬದಿಯ ಗದ್ದೆಯಲ್ಲಿ ಎರಡು ಮಡಿ. ಆ ಗದ್ದೆ ಅಪ್ಪನಿಂದ ಬಂದದ್ದಲ್ಲ, ಅಜ್ಜನಿಂದಲೂ ಅಲ್ಲ. ನಾನೇ ಚೌಕಾಸಿ ಮಾಡಿ ಕೊಂಡದ್ದು. ಮಾರಿದವರು ಆನೆ ಕಾಟಕ್ಕೆ ಬೇಸತ್ತು ಭತ್ತ ಹಾಕುವುದನ್ನೇ ಬಿಟ್ಟಿದ್ದರು. ನಾನು ಅದೇ ಆನೆಯನ್ನು ಮುಂದಿಟ್ಟುಕೊಂಡು ರೇಟು ಇಳಿಸಿದ್ದೆ. ರಿಜಿಸ್ಟರ್ ಆದ ಮೇಲೆ ಗದ್ದೆಯ ಜೊತೆ ಆನೆಯೂ ನನ್ನದಾಯಿತು. ಭತ್ತ ಹಾಲುಗಾಳು ಕಟ್ಟುವ ಹೊತ್ತಿಗೆ ಸರಿಯಾಗಿ ಆನೆಗಳು ಇಳಿದು ಬಂದು, ತಿಂದದ್ದಕ್ಕಿಂತ ಹೆಚ್ಚು ತುಳಿದು ಹೋದವು. ನಾನೂ ಪಾಳು ಬಿಟ್ಟೆ. ಆದರೆ ಪಾಳು ಬಿದ್ದರೂ ಗದ್ದೆ ಗದ್ದೆಯೇ. ಕೈಯಾರೆ ಸಂಪಾದಿಸಿದವನಿಗೆ ಒಂದು ಬದು ಕೊಡುವುದೂ ಹಲ್ಲು ಕೀಳಿಸಿಕೊಂಡ ಹಾಗೆ. ಅಂಥದ್ದರಲ್ಲಿ ಎರಡು ಮಡಿ ಬಿಟ್ಟುಕೊಟ್ಟದ್ದು ಒಬ್ಬಳು ಹುಡುಗಿ ಒಂಬತ್ತನೇ ತರಗತಿಗೆ ವಾಪಸ್ ಬರಲಿ ಅಂತ. ದುಬಾರಿ ಆಯಿತಲ್ಲ ಮೇಷ್ಟ್ರೇ ಎನ್ನುವವರು ಪೂರ್ತಿ ಓದಿ, ಆಮೇಲೆ ಹೇಳಿ.

ನಾನು ಹಾನುಬಾಳಿನ ಕಡೆ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಕ್ಲಾಸಿನ ಮಕ್ಕಳ ವಯಸ್ಸಿನಲ್ಲಿದ್ದಾಗ ನಾನು ಸಂತೆಯಲ್ಲಿ ಅವ್ವನ ಪಕ್ಕ ಗೋಣಿಚೀಲ ಹಾಸಿಕೊಂಡು ಹಸಿಮೆಣಸಿನಕಾಯಿ ಮಾರುತ್ತಿದ್ದೆ. ಮಾತು ಎಲ್ಲಿ ಎತ್ತಬೇಕು, ಎಲ್ಲಿ ಸುಮ್ಮನಾಗಬೇಕು, ಗಿರಾಕಿ ಎದ್ದು ಹೊರಟಾಗ ಎಷ್ಟು ಹೆಜ್ಜೆ ಹೋಗಲು ಬಿಟ್ಟು ಕೂಗಿ ಕರೆಯಬೇಕು ಎನ್ನುವುದನ್ನೆಲ್ಲ ಕಲಿತದ್ದು ಆ ಗೋಣಿಚೀಲದ ಮೇಲೆ. ಬಿ.ಎಡ್. ಮಾಡಿದ್ದು ಆಮೇಲೆ. ಎರಡರಲ್ಲಿ ಕ್ಲಾಸಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾವುದು ಎಂದು ಇಲಾಖೆಯವರು ಕೇಳದಿರಲಿ.

ಪುಸ್ತಕದಲ್ಲಿ ನೀರಿನ ಮಾಲಿನ್ಯದ ಪಾಠಕ್ಕೆ ಹೊಗೆ ಉಗುಳುವ ಕಾರ್ಖಾನೆಯ ಚಿತ್ರ ಇದೆ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಅಂಥ ಕಾರ್ಖಾನೆಯನ್ನು ಕಣ್ಣಲ್ಲಿ ಕಂಡವರಲ್ಲ. ಆದರೆ ಡಿಸೆಂಬರಿನಲ್ಲಿ ಹಣ್ಣು ಕುಯ್ಲು ಶುರುವಾಯಿತೆಂದರೆ ಶಾಲೆಯ ಹಿಂದಿನ ಹಳ್ಳ ಹುಳಿ ನಾತ ಹೊಡೆಯುವುದು ಎಲ್ಲರಿಗೂ ಗೊತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು ಅದು; ನಮ್ಮ ಕಡೆ ಪಲ್ಪರ್ ನೀರು ಅನ್ನುತ್ತೇವೆ. ಕಂದು ಬಣ್ಣ, ಮೇಲೆ ನೊರೆ. ಶಾಲೆಯ ಟ್ಯಾಂಕಿಗೆ ನೀರು ಬರುವುದು ಹಳ್ಳದ ಅಂಚಿನ ಬಾವಿಯಿಂದ. ಆ ದಿನಗಳಲ್ಲಿ ಕೈಕಾಲು ತೊಳೆದ ಹುಡುಗಿಯರು ಪೀರಿಯಡ್ ಪೂರ್ತಿ ಮೊಣಕಾಲು ಕೆರೆದುಕೊಳ್ಳುತ್ತಿರುತ್ತಾರೆ. ಹೀಗಿರುವಾಗ ಕಾರ್ಖಾನೆಯ ಚಿತ್ರ ಯಾಕೆ? ಪುಸ್ತಕ ಮುಚ್ಚಿಸಿ, "ನಾತ ಯಾವತ್ತು ಜಾಸ್ತಿ ಬರುತ್ತೆ, ಮೂಗು ಉಪಯೋಗಿಸಿ ಹೇಳಿ" ಎಂದೆ.

ಕೆಲವು ವಾರ ಮೂಗು ಉಪಯೋಗಿಸಿದರು. ಉತ್ತರ ತಂದವನು ಬಾಯಿ ಮುಚ್ಚದ ಒಬ್ಬ ಹುಡುಗ. ಅವನ ತಾಯಿ ಎಸ್ಟೇಟಿನಲ್ಲಿ ಹಣ್ಣು ಕುಯ್ಯುತ್ತಾರೆ.

"ಸಾ, ಸಂತೆ ಮಾರನೇ ದಿನ ಸಾ. ಪ್ರತೀ ಸಲ. ಬೇರೆ ದಿನ ಇಷ್ಟ್ ಇರಕಿಲ್ಲ."

ಯಾಕೆ ಹಾಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಹಳ್ಳವನ್ನೇ ಕೇಳೋಣ ಎಂದು ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹಳ್ಳದ ದಂಡೆ ಹಿಡಿದು ಮೇಲಕ್ಕೆ ಹೊರಟೆ.

ಮೊದಲ ತೋಟದ ಪಲ್ಪರ್ ಹತ್ತಿರ ನಿಂತಿದ್ದವರು ನಮ್ಮನ್ನು ನೋಡಿದ ಕೂಡಲೇ ಕೈ ಎತ್ತಿ ಬೆಟ್ಟದ ಕಡೆ ತೋರಿಸಿದರು. "ನಮ್ದಲ್ಲ ಕಣ್ರಪ್ಪ. ಮೇಲಿಂದ ಬತ್ತದೆ." ಎರಡನೆಯ ತೋಟದವರು ಇನ್ನೂ ನೊಂದವರಂತೆ ಮಾತಾಡಿದರು. "ಮೇಲ್ನೋರು ಬುಡ್ತಾರೆ, ನಾವ್ ಅನುಭವಿಸ್ತೀವಿ. ಏನ್ ಮಾಡದು ಮಾರಾಯ್ರೆ." ಇದು ನಮ್ಮ ಕಡೆಯ ರೂಢಿ. ಹಳ್ಳದ ಉದ್ದಕ್ಕೂ ಎಲ್ಲರೂ ಕೆಳಗಿನವರೇ, ಮೇಲಿನವರು ಅಂತ ಯಾರೂ ಸಿಗುವುದಿಲ್ಲ.

ಹೀಗೆ ಹತ್ತುತ್ತ ಹತ್ತುತ್ತ ಕಡೆಯ ಎಸ್ಟೇಟು ತಲುಪಿದೆವು. ಹಳ್ಳದ ದಂಡೆಗೆ ಅಂಟಿಕೊಂಡ ಹಾಗೆ ಪಲ್ಪರ್ ಮನೆ, ಪಕ್ಕದಲ್ಲಿ ಹಳೇ ಕಾಲದ ದೊಡ್ಡ ಕಲ್ಲಿನ ತೊಟ್ಟಿ, ತೊಟ್ಟಿಯ ಬುಡದಲ್ಲಿ ಒಂದು ವಾಲ್ವು. ಅದರ ಹತ್ತಿರ ಎಸ್ಟೇಟಿನ ರೈಟರ್ ನಿಂತಿದ್ದರು. ಆಳುಗಳ ಹಾಜರಿ, ಹಣ್ಣಿನ ತೂಕ, ಸ್ಟೋರಿನ ಕೀಲಿಕೈ ಎಲ್ಲ ಅವರ ಕೈಯಲ್ಲಿ. ವಾಸ ಎಸ್ಟೇಟ್ ಕೊಟ್ಟ ಮನೆಯಲ್ಲೇ. ಅವರ ಮಗಳು ನನ್ನ ಕ್ಲಾಸಿನವಳು. ನಕ್ಷೆ ಬರೆಯುವುದರಲ್ಲಿ ಅವಳಷ್ಟು ಚೊಕ್ಕ ಕೈ ನಾನು ಕಂಡಿಲ್ಲ. ಅವತ್ತು ಮಾತ್ರ ದಾರಿಯುದ್ದಕ್ಕೂ ಸಾಲಿನ ಕಡೆಯಲ್ಲಿ, ಚಪ್ಪಲಿಯ ಉಂಗುಷ್ಠ ಕಿತ್ತವಳ ಹಾಗೆ ನಿಧಾನಕ್ಕೆ ಬರುತ್ತಿದ್ದಳು.

"ಈ ನೀರು ಎಲ್ಲಿಂದ ಬತ್ತದೆ ರೈಟ್ರೇ?" ಎಂದು ಅದೇ ಹುಡುಗ ಕೇಳಿದ.

ರೈಟರ್ ಮಗಳನ್ನು ನೋಡಿದರು. ಆಮೇಲೆ ಎಲ್ಲರ ಹಾಗೆ ಅವರೂ ಕೈ ಎತ್ತಿದರು. "ಮೇಲಿಂದ ಕಣಪ್ಪ."

ಹುಡುಗ ಕತ್ತೆತ್ತಿ ನೋಡಿದ. ಮೇಲೆ ಕಾಡು, ಅದರಾಚೆ ಹುಲ್ಲುಗುಡ್ಡ, ಅದರಾಚೆ ಆಕಾಶ.

"ಮೇಲೆ ಕಾಡೈತೆ ಅಷ್ಟೇಯ. ಆನೆ ಪಲ್ಪರ್ ಇಕ್ಕಂಡವಾ ರೈಟ್ರೇ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಸುಳ್ಳು ಯಾಕೆ, ನನಗೂ ತುಟಿ ಬಿಗಿ ಹಿಡಿಯುವುದು ಕಷ್ಟವಾಯಿತು. ನಗದೆ ಇದ್ದವರು ಅಪ್ಪ, ಮಗಳು ಇಬ್ಬರೇ.

ಸೋಮವಾರ ಮಕ್ಕಳು ಹಳ್ಳದ ಚಾರ್ಟು ಬರೆದರು. ಕಡೆಯ ಎಸ್ಟೇಟಿನಿಂದ ಕಪ್ಪು ಬಣ್ಣ ಶುರುವಾಗಿ ಶಾಲೆಯ ತನಕ ಇಳಿದಿತ್ತು. ಪಲ್ಪರ್ ಮನೆಯ ಮುಂದೆ ಆ ಹುಡುಗ ಒಂದು ಆನೆ ಬರೆದ. ಯಾರದೋ ಅಣ್ಣನ ಫೋನಿನಲ್ಲಿ ಅದರ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಹೋಯಿತು. ಹೋಟೆಲಿನಲ್ಲಿ ಟೀ ಕುಡಿಯುವವರು, ಯಸಳೂರು ಬಸ್ಸಿಗೆ ಕಾಯುವವರು ಎಲ್ಲರ ಬಾಯಲ್ಲೂ "ಆನೆ ಪಲ್ಪರ್." ಮರುದಿನದಿಂದ ರೈಟರ್ ಮಗಳು ಶಾಲೆಗೆ ಬರಲಿಲ್ಲ.

ಎರಡು ದಿನ ಜ್ವರ ಇರಬಹುದು ಎಂದುಕೊಂಡೆ. ಮೂರನೆಯ ದಿನ ಅವರ ಮನೆಗೆ ಹೋದೆ. ರೈಟರ್ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು, ಮುಖ ಮಾತ್ರ ಕೊಡಲಿಲ್ಲ.

"ಅವ್ಳನ್ನ ಆಲೂರಿಗೆ ಕಳುಸ್ತೀನಿ ಮೇಷ್ಟ್ರೇ. ಅವ್ಳ ಸೋದರತ್ತೆ ಮನೇಲಿರ್ತಾಳೆ."

"ಅಲ್ಲಿ ಶಾಲೆಗೆ ಸೇರಿಸ್ತೀರಾ?"

"ನೋಡಾಣ. ಅತ್ತೆಗೆ ಟೈಲರಿಂಗ್ ಅಂಗಡಿ ಐತೆ. ಅದನ್ನಾದ್ರೂ ಕಲೀಲಿ."

ಆ "ನೋಡೋಣ"ದ ಅರ್ಥ ನನಗೆ ಗೊತ್ತು. ಸಂತೆಯಲ್ಲಿ "ಆಮೇಲೆ ಬತ್ತೀನಿ" ಅಂತ ಹೋದ ಗಿರಾಕಿ ವಾಪಸ್ ಬಂದದ್ದುಂಟೇ?

"ಎಸ್ಟೇಟಿನ ಅಮ್ಮ ಏನಾದ್ರೂ ಅಂದ್ರಾ?" ಎಂದು ತೋಟದ ಒಡತಿಯ ಮಾತೆತ್ತಿದೆ.

"ಅವ್ರೇನೂ ಅಂದಿಲ್ಲ. ಅನ್ನದೇ ಇರೋದೇ ಭಯ ಕಣ್ರೀ. ಈ ಮನೆ ಅವ್ರದ್ದು, ಕರೆಂಟು ಅವ್ರದ್ದು. ನಾಳೆ ಖಾಲಿ ಮಾಡು ಅಂದ್ರೆ ಎಲ್ಲಿಗ್ ಹೋಗ್ಲಿ? ಇನ್ನೊಂದ್ ಮಾತು. ವಾಲ್ವು ತಿರುಗ್ಸೋದು ನಾನೇಯ. ಮಗಳ ಮುಂದೆ, ಅವ್ಳ ಕ್ಲಾಸ್‌ನೋರೆಲ್ಲರ ಮುಂದೆ, ಸುಳ್ಳು ಹೇಳ್ಬುಟ್ಟೆ. ಇನ್ನು ಅವ್ಳು ಅಲ್ಲಿ ಹೆಂಗ್ ಕೂತ್ಕತಾಳೆ?"

ಒಳಗೆ ಪಾತ್ರೆ ಸದ್ದಾಗುತ್ತಿತ್ತು. ಹುಡುಗಿ ಹೊರಗೆ ಬರಲಿಲ್ಲ. ಒಪ್ಪಿಸಲು ನನ್ನ ಬತ್ತಳಿಕೆಯಲ್ಲಿದ್ದ ಮಾತೆಲ್ಲ ಬಳಸಿದೆ. ಆ ಮನುಷ್ಯ ಹೂಂಗುಟ್ಟುತ್ತಲೇ ಇದ್ದರು, ಒಪ್ಪಲಿಲ್ಲ. ಭಯಪಟ್ಟವನ ಜೊತೆ ಚೌಕಾಸಿ ನಡೆಯುವುದಿಲ್ಲ; ಅವನ ಹತ್ತಿರ ಬಿಟ್ಟುಕೊಡಲು ಏನೂ ಇರುವುದಿಲ್ಲ. ಚೌಕಾಸಿ ಮಾಡಬೇಕಾದದ್ದು ಎಸ್ಟೇಟಿನ ಅಮ್ಮನ ಜೊತೆ. ಅದಕ್ಕೆ ಮೊದಲು ಕ್ಲಾಸಿನಲ್ಲಿ ಒಂದು ಕೆಲಸ ಬಾಕಿ ಇತ್ತು.

ಮಾರನೆಯ ದಿನ ಬೆಂಚುಗಳನ್ನು ಎದುರುಬದುರು ಹಾಕಿಸಿದೆ. ಒಂದು ಕಡೆ ಹಳ್ಳದವರು, ಇನ್ನೊಂದು ಕಡೆ ಎಸ್ಟೇಟಿನವರು. ಆನೆ ಬರೆದ ಹುಡುಗನನ್ನು ಬೇಕೆಂದೇ ಎಸ್ಟೇಟಿನ ಕಡೆ ಕೂರಿಸಿದೆ. "ನಾನ್ ಯಾಕ್ ಸಾ ಆ ಕಡೆ?" ಎಂದು ಮುಖ ಊದಿಸಿದ. "ನಿನಗೆ ಬಾಯಿ ಐತಲ್ಲ, ಅವರಿಗೂ ಸ್ವಲ್ಪ ಕೊಡು" ಎಂದೆ.

ಹಳ್ಳದವರು ಕೂಗಾಡಿದರು: ಪಲ್ಪರ್ ನಿಲ್ಲಿಸಿ, ದಂಡ ಹಾಕಿ, ಪೊಲೀಸ್ ಕರೆಯಿರಿ. ಹುಡುಗ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಅವನಿಗೆ ತಾಯಿಯ ನೆನಪಾಗಿರಬೇಕು.

"ಪಲ್ಪರ್ ನಿಲ್ಸಿದ್ರೆ ನಮ್ಮವ್ವ ಕುಯ್ದ ಹಣ್ಣು ಏನ್ ಮಾಡದು? ಅವತ್ತಿನ ಹಣ್ಣು ಅವತ್ತೇ ಬಿಡುಸ್ಬೇಕು, ಇಲ್ಲಾಂದ್ರೆ ಹುಳಿ ಬಂದ್ಬುಡ್ತದೆ. ನೀರು ನಿಲ್ಸಾಕೆ ಗುಂಡಿ ತೋಡ್ಬೇಕು. ಎಲ್ಲಿ ತೋಡ್ಲಿ? ಪಲ್ಪರ್ ಸುತ್ತ ಎಲ್ಲಾ ಇಳಿಜಾರು. ನೀರನ್ನ ತಲೆ ಮೇಲೆ ಹೊತ್ಕಂಡು ತಿರುಗ್ಲಾ?"

ಎದುರಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ ಕೇಳಿದಳು, "ಹಂಗಾರೆ ಮಟ್ಟಸ ಜಾಗ ಎಲ್ಲೈತೆ?"

"ಕೆಳಗೈತೆ. ನೀರು ತಾನೇ ಇಳಿದು ಹೋಗೋ ಹಂಗೈತೆ." ಹುಡುಗ ನನ್ನ ಕಡೆ ತಿರುಗಿದ. "ಪಾಳು ಬಿದ್ದೈತಲ್ಲ ಸಾ, ನಿಮ್ ಗದ್ದೆ."

ಕ್ಲಾಸಿನ ಅಷ್ಟೂ ಕಣ್ಣು ನನ್ನ ಮೇಲೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನನ್ನನ್ನು ಹೀಗೆ ಮೂಲೆಗೆ ತಳ್ಳಿದವರು ಯಾರೂ ಇರಲಿಲ್ಲ. "ನೋಡೋಣ" ಎಂದೆ. ಅಂದ ಕೂಡಲೇ ರೈಟರ್ ಬಾಯಲ್ಲಿ ಕೇಳಿದ ಮಾತು ನನ್ನ ಬಾಯಲ್ಲೇ ಬಂತಲ್ಲ ಅನ್ನಿಸಿ ಕಿವಿ ಬಿಸಿಯಾಯಿತು. ಬೆಲ್ ಹೊಡೆದದ್ದು ನನ್ನ ಪುಣ್ಯ.

ಸಂಜೆ ಗದ್ದೆಗೆ ಹೋಗಿ ಬದುವಿನ ಮೇಲೆ ನಿಂತೆ. ಹುಲ್ಲು ಸೊಂಟದ ಮಟ್ಟ ಬೆಳೆದಿತ್ತು. ಆನೆಯ ಹೆಜ್ಜೆಯ ಗುಂಡಿಗಳಲ್ಲಿ ನೀರು ನಿಂತಿತ್ತು. ಇದನ್ನು ಮುಂದೆ ಒಳ್ಳೆ ರೇಟಿಗೆ ಕೊಡಬಹುದು ಎಂಬ ಲೆಕ್ಕ ಮನಸ್ಸಿನ ಮೂಲೆಯಲ್ಲಿ ಯಾವತ್ತೂ ಇತ್ತು. ಮಕ್ಕಳಿಗೆ ನಾನೇ ಹೇಳಿಕೊಟ್ಟದ್ದೇನು? ಶುದ್ಧ ನೀರು ಪುಕ್ಕಟೆ ಅಲ್ಲ, ಯಾರಾದರೂ ಅದರ ಬೆಲೆ ತೆರಬೇಕು ಅಂತ. ಆ 'ಯಾರಾದರೂ' ಯಾವಾಗಲೂ ಬೇರೆಯವರೇ ಆಗಿರುತ್ತಾರೆ ಎಂದು ನಾನೂ ನಂಬಿದ್ದೆ ಅಂತ ಕಾಣುತ್ತದೆ. ಕೈ ಎತ್ತಿ ಬೆಟ್ಟ ತೋರಿಸಿದವರಿಗಿಂತ ನಾನು ದೊಡ್ಡವನೇನಲ್ಲ.

ಎಸ್ಟೇಟಿನ ಅಮ್ಮನ ಮನೆಗೆ ಹುಡುಗನನ್ನೂ ಕರೆದುಕೊಂಡು ಹೋದೆ. ಗಂಡ ತೀರಿಕೊಂಡ ಮೇಲೆ ಅಷ್ಟು ದೊಡ್ಡ ತೋಟವನ್ನು ಒಬ್ಬರೇ ನಡೆಸಿಕೊಂಡು ಬಂದ ಹೆಂಗಸು ಅವರು. ಕಣದಲ್ಲಿ ಕುರ್ಚಿ ಹಾಕಿಕೊಂಡು, ತೊಳೆದು ಹರವಿದ ಕಾಫಿ ಬೀಜವನ್ನು ಆಳುಗಳು ಕೈಯಾಡಿಸುವುದನ್ನು ನೋಡುತ್ತಿದ್ದರು.

"ಬನ್ನಿ ಮೇಷ್ಟ್ರೇ. ಇವನೇ ಏನು ಆನೆ ಬರೆದೋನು?" ಹುಡುಗ ನನ್ನ ಹಿಂದೆ ಸರಿದ. "ಬಾರೋ ಇಲ್ಲಿ. ಸೊಂಡ್ಲು ಚೆನ್ನಾಗಿ ಬರ್ದಿದೀಯ, ಕಾಲು ಮಾತ್ರ ಎಮ್ಮೆದು."

ನಾನು ಮೊದಲು ಚಾರ್ಟು ಬಿಚ್ಚಿದೆ. ಮಕ್ಕಳು ಅದನ್ನು ತಿದ್ದಿದ್ದರು. ಆನೆ ಹೋಗಿತ್ತು. ಉಳಿದ ತೋಟಗಳ ಪಲ್ಪರ್ ನೀರು ಬಂದಿತ್ತು. ಹಳ್ಳಕ್ಕಿಳಿಸಿ ಜೀಪು ತೊಳೆಯುವ ಜಾಗ ಬಂದಿತ್ತು. ನಮ್ಮ ಶಾಲೆಯ ಅಡುಗೆಮನೆಯ ಮುಸುರೆ ನೀರೂ ಬಂದಿತ್ತು. ಅಮ್ಮ ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು.

"ಸಂತೆ ಮಾರನೇ ದಿನ ಅಂತ ಬರ್ದಿದೀರಿ. ಯಾಕೆ ಅಂತ ಕೇಳಿದ್ರಾ ಯಾರಾದ್ರೂ? ಸಂತೆ ದಿನ ಊರವರೆಲ್ಲ ಸಂತೇಲಿರ್ತಾರೆ. ಹಳ್ಳದಲ್ಲಿ ಬಟ್ಟೆ ಒಗೆಯೋರಿಲ್ಲ, ದನ ಇಳಿಸೋರಿಲ್ಲ. ಅದಕ್ಕೆ ನಮ್ಮತ್ತೆ ಕಾಲದಿಂದ ವಾರ ಎಲ್ಲ ತೊಟ್ಟೀಲಿ ನಿಲ್ಸಿ ಅವತ್ತೊಂದಿನ ಬಿಡೋದು. ಜನಕ್ಕೆ ತೊಂದ್ರೆ ಆಗ್ಬಾರ್ದು ಅಂತ ಮಾಡಿದ್ದು ಕಣ್ರೀ. ಅದಕ್ಕೆ ನನ್ನ ಮಾನ ಕಳೆದ್ರಿ."

ಒಳ್ಳೆಯದಕ್ಕೆಂದು ಮಾಡಿದ ಏರ್ಪಾಡೇ ಹಳ್ಳವನ್ನು ಕೊಲ್ಲುತ್ತಿತ್ತು. ದಿನಾ ಸ್ವಲ್ಪ ಸ್ವಲ್ಪ ಬಿಟ್ಟಿದ್ದರೆ ಹಳ್ಳ ಹೇಗೋ ಏಗುತ್ತಿತ್ತೇನೋ. ವಾರ ಪೂರ್ತಿ ಕೊಳೆಸಿ ಒಂದೇ ಸಲ ಬಿಟ್ಟರೆ ತಡೆಯುವುದೆಲ್ಲಿ? ಅದನ್ನು ಹೇಗೆ ಹೇಳುವುದು ಎಂದು ನಾನು ಮಾತು ಹುಡುಕುತ್ತಿರುವಾಗ ಹಿಂದಿನಿಂದ ದನಿ ಬಂತು.

"ಮೀನು ಸಂತೆಗೆ ಹೋಗಕಿಲ್ವಲ್ಲ ಅಮ್ಮಾರೆ."

ಕಣದಲ್ಲಿ ಕೈಯಾಡಿಸುತ್ತಿದ್ದವರು ಕೈ ನಿಲ್ಲಿಸಿದರು. ಅಮ್ಮ ಹುಡುಗನನ್ನೇ ನೋಡಿ, ನೋಡಿ, ಕಡೆಗೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಬಾಯಿ ನೋಡು ಇದರದ್ದು!"

ಅದೇ ಸಮಯ. ನಾನು ಗದ್ದೆಯ ಮಾತೆತ್ತಿದೆ. ಎರಡು ಮಡಿ ನನ್ನದು. ಗುಂಡಿ ತೋಡಿಸುವುದು, ನೀರಿನ ಹುಳಿ ಮುರಿಯಲು ಸುಣ್ಣ ಹಾಕಿಸುವುದು ಅವರದು. ತಿಳಿಯಾದ ನೀರು ಅವರ ಗಿಡಕ್ಕೆ, ತಳದ ಗೊಬ್ಬರದಲ್ಲಿ ಅರ್ಧ ನನಗೆ. ಅವರು ಗೊಬ್ಬರ ಪೂರ್ತಿ ಬೇಕೆಂದರು, ನಾನು ಕಾಲು ಪಾಲಿಗೆ ಇಳಿದೆ. ಆನೆ ತಡೆಗೆ ಬೇಲಿ ಯಾರದು ಎಂದರು, ಆನೆ ಇಬ್ಬರದೂ ಎಂದೆ. ಎಲ್ಲ ಮುಗಿದು ಎದ್ದು ನಿಂತು, ಚಪ್ಪಲಿ ಹಾಕಿಕೊಳ್ಳುತ್ತ, ಸೊಪ್ಪಿನ ಜೊತೆ ಕೊಸರು ಕೇಳುವವನ ಹಾಗೆ ಹೇಳಿದೆ: "ಹಾಂ, ರೈಟರ್ ಮಗಳು ಶಾಲೆಗೆ ಬರ್ತಿಲ್ಲ. ಒಂದು ಮಾತು ಹೇಳಿ ಅಮ್ಮಾ."

ಅಮ್ಮ ಕನ್ನಡಕ ತೆಗೆದರು.

"ಅದಕ್ಕೇ ತಾನೇ ನೀನು ಬಂದಿದ್ದು? ಇಷ್ಟೊತ್ತು ಗುಂಡಿ ಕತೆ ಹೇಳ್ದೆ. ನಿಮ್ಮವ್ವನ ಪಕ್ಕ ಕೂತು ಮೆಣಸಿನಕಾಯಿ ಮಾರೋವಾಗ್ಲೂ ಹಿಂಗೇ. ಬೇಕಾದ್ದನ್ನ ಕಡೇಗೆ ಇಟ್ಕೊಳ್ಳೋನು."

'ಮೇಷ್ಟ್ರೇ' ಹೋಗಿ 'ನೀನು' ಆದದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಸಿಕ್ಕಿಬಿದ್ದವನು ನಗಬೇಕು; ನಕ್ಕೆ.

"ನಾನು ಶಾಲೆ ಬಿಡ್ಸು ಅಂತ ಹೇಳಿಲ್ಲ. ಅದಕ್ಕೇ ಕಳ್ಸು ಅಂತ ಹೇಳಿದ್ರೂ ಆಗಲ್ಲ. ನಾನು ಹೇಳಿದ್ರೆ ಅವನು ಹೂಂ ಅಂತಾನೆ, ಒಳಗೆ ಇನ್ನೂ ಹೆದರ್ತಾನೆ." ಕನ್ನಡಕ ಮತ್ತೆ ಹಾಕಿಕೊಂಡರು. "ಗುಂಡಿ ನೋಡ್ಕೊಳ್ಳೋ ಕೆಲಸ ಅವನಿಗೇ ಕೊಡ್ತೀನಿ. ವಾಲ್ವು ತಿರುಗಿಸಿದ ಕೈಯಲ್ಲೇ ಸುಣ್ಣ ಹಾಕ್ಲಿ. ಮಗಳ ಮುಂದೆ ತಲೆ ಎತ್ತೋಕೆ ಅವನಿಗೊಂದು ದಾರಿ ಬೇಕು, ನನ್ನ ಮಾತಲ್ಲ."

ನಾನು ಯೋಚಿಸದಿದ್ದ ಮಾತು ಅದು. ಹುಡುಗಿಯನ್ನು ಕರೆತರುವುದು ಹೇಗೆ ಎಂದಷ್ಟೇ ನಾನು ಲೆಕ್ಕ ಹಾಕುತ್ತಿದ್ದೆ. ಆಕೆ ಅಪ್ಪನಿಂದ ಶುರು ಮಾಡಿದರು.

ಗುಂಡಿ ತೋಡಿದರು. ವಾಲ್ವಿನಿಂದ ಗದ್ದೆಗೆ ಪೈಪು ಬಂತು. ನಾನು ಶಾಲೆಯ ಲ್ಯಾಬಿನಿಂದ ಸ್ವಲ್ಪ ಲಿಟ್ಮಸ್ ಕಾಗದ ಒಯ್ದು ರೈಟರ್ ಕೈಗೆ ಕೊಟ್ಟೆ. ನೀರಿನ ಹುಳಿ ಹೋಗುವ ತನಕ ನೀಲಿ ಕಾಗದ ಕೆಂಪಾಗುತ್ತಲೇ ಇರುತ್ತದೆ ಎಂದೆ. "ಇದೆಲ್ಲ ನಂಗೆಲ್ಲಿ ಗೊತ್ತಾಯ್ತದೆ ಮೇಷ್ಟ್ರೇ" ಎಂದರು. "ಮನೆಯಲ್ಲಿ ಕಲಿತವರು ಇದ್ದಾರಲ್ಲ" ಎಂದಷ್ಟೇ ಹೇಳಿ ಬಂದೆ. ಇನ್ನೊಂದು ಮಾತು ಆಡಿದ್ದರೆ ವ್ಯಾಪಾರ ಕೆಡುತ್ತಿತ್ತು.

ಕೆಲವು ದಿನದ ಮೇಲೆ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಅವಳಿದ್ದಳು. ಗೇಟಿನ ಹೊರಗೆ ರೈಟರ್ ಬೈಕ್ ಸ್ಟಾರ್ಟ್ ಮಾಡುತ್ತಿದ್ದರು. ಮೊದಲ ಪೀರಿಯಡ್ಡಿಗೆ ಹುಡುಗ ತಾನಾಗಿಯೇ ಎದ್ದು ಅವಳ ಬೆಂಚಿನ ಹತ್ತಿರ ಹೋದ. "ಆನೆ ಬರ್ದಿದ್ದು ನಾನೇಯ. ಅಳಿಸಿದೀನಿ ಕಣೆ." ಅವಳು ಅವನ ಕಡೆ ನೋಡದೆ, "ಅಳಿಸಿದ್ದೂ ಗಲೀಜಾಗೈತೆ, ತಾ ಇಲ್ಲಿ" ಎಂದು ಚಾರ್ಟು ಕಿತ್ತುಕೊಂಡಳು. ಚೀಲದಿಂದ ಕಾಗದದ ಚೂರುಗಳನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು: ಮೊದಲಿನವು ಕಡು ಕೆಂಪು, ಕಡೆಯವು ನೀಲಿಯಾಗಿಯೇ ಉಳಿದಿದ್ದವು. "ಅಪ್ಪನೇ ಅದ್ದಿದ್ದು ಸಾ" ಎಂದಳು.

ಇನ್ನೊಂದು ಸಲ ಹಳ್ಳಕ್ಕೆ ಹೋಗೋಣವೇ ಎಂದು ಕ್ಲಾಸಿಗೆ ಕೇಳಿದೆ. ಎಲ್ಲರೂ ಮೇಲಕ್ಕೆ ಹೋಗಲು ತಯಾರು. ಅವಳು ಕೈ ಎತ್ತಿದಳು.

"ಈ ಸಲ ಕೆಳಕ್ ಹೋಗಾಣ ಸಾ. ನಮ್ ನೀರು ಯಾರ ಮನೆಗ್ ಹೋಯ್ತದೆ ನೋಡಾಣ."

ಕೆಳಕ್ಕೇ ಹೋದೆವು. ಅಲ್ಲಿ ಹಳ್ಳದಲ್ಲಿ ಪಾತ್ರೆ ಬೆಳಗುತ್ತಿದ್ದ ಒಬ್ಬ ಅಜ್ಜಿ ನಮ್ಮನ್ನು ನೋಡಿ, "ನೀವೇ ಏನ್ರಪ್ಪ ಆ ಮೇಲ್ನೋರು?" ಎಂದಿತು. ಒಬ್ಬರೂ ಕೈ ಎತ್ತಿ ಹಿಂದಕ್ಕೆ ತೋರಿಸಲಿಲ್ಲ. ರೈಟರ್ ಮಗಳೇ ಮುಂದೆ ಹೋಗಿ, "ಹೂಂ ಅಜ್ಜಿ, ನಾವೇ" ಎಂದಳು.

ಹಳ್ಳ ಪೂರ್ತಿ ಸರಿಹೋಯಿತು ಎಂದರೆ ನಂಬಬೇಡಿ. ಆನೆ ಒಂದು ಗುಂಡಿಯ ಏರಿ ತುಳಿದು ಹೋಗಿ ಮತ್ತೆ ಕಟ್ಟಿಸಬೇಕಾಯಿತು. ನಡುವಿನ ತೋಟದವರು ಇನ್ನೂ ಕೈ ಎತ್ತಿ ಬೆಟ್ಟ ತೋರಿಸುತ್ತಾರೆ. ನಾತ ಕಮ್ಮಿಯಾಗಿದೆ, ಹೋಗಿಲ್ಲ. ಹುಡುಗಿ ಮಾತ್ರ ಈಗ ಹತ್ತನೇ ಕ್ಲಾಸಿನಲ್ಲಿದ್ದಾಳೆ. ನನ್ನ ಎರಡು ಮಡಿಗೆ ಅದು ನ್ಯಾಯವಾದ ರೇಟು ಎಂದೇ ನನ್ನ ಲೆಕ್ಕ.

ನೀವೂ ಮೇಷ್ಟ್ರಾಗಿದ್ದು, ಮಕ್ಕಳನ್ನು ಹಳ್ಳಕ್ಕೋ ಕಸದ ಗುಂಡಿಗೋ ಕಲ್ಲುಕ್ವಾರಿಗೋ ಕರೆದೊಯ್ಯುವವರಿದ್ದರೆ, ಕೇಳದಿದ್ದರೂ ಹೇಳುತ್ತೇನೆ. ಹೊರಡುವ ಮೊದಲು ನೀವೊಬ್ಬರೇ ದಾರಿ ನಡೆದು ನೋಡಿ, ಕಡೆಯ ತಿರುವಿನಲ್ಲಿ ಯಾವ ಮಗುವಿನ ಅಪ್ಪ ನಿಂತಿರುತ್ತಾನೆ ಎಂದು ತಿಳಿದುಕೊಳ್ಳಿ. ಗೊತ್ತಾದರೆ ಪ್ರಶ್ನೆ ನೀವು ಕೇಳಿ, ಮಕ್ಕಳ ಬಾಯಿಂದ ಕೇಳಿಸಬೇಡಿ. ಚಾರ್ಟಿಗೆ ಎಷ್ಟು ಬಣ್ಣ ಬೇಕಾದರೂ ಕೊಡಿ, ಫೋನಿಗೆ ಮಾತ್ರ ಕೊಡಬೇಡಿ. ಯಾವ ಮಗು ಹೆಚ್ಚು ಕೂಗುತ್ತದೋ ಅದನ್ನು ಎದುರು ಪಕ್ಷದ ಬೆಂಚಿನಲ್ಲಿ ಕೂರಿಸಿ. ಉತ್ತರ ಅಲ್ಲಿಂದಲೇ ಬರುತ್ತದೆ. ತಪ್ಪು ಯಾರದು ಎಂದು ಕೇಳುವುದಕ್ಕಿಂತ ಮುಂಚೆ, ಹೀಗೆ ಮಾಡುತ್ತ ಬಂದದ್ದು ಯಾಕೆ ಎಂದು ಕೇಳಿಸಿ. ಮಾತುಕತೆಗೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮದೇ ಒಂದು ಮಡಿ, ಒಂದು ರಜೆಯ ದಿನ, ಏನಾದರೊಂದು ಇಟ್ಟುಕೊಂಡು ಹೋಗಿ. ಮತ್ತೆ, ಮೇಲಕ್ಕೆ ಒಂದು ಸಲ ಹೋದರೆ ಕೆಳಕ್ಕೂ ಒಂದು ಸಲ ಹೋಗಿ ಬನ್ನಿ. ಬುತ್ತಿ ಕಟ್ಟಿಕೊಳ್ಳಲು ಹೇಳಿ, ಕೆಳಗಿನ ದಾರಿ ಅಂದುಕೊಂಡದ್ದಕ್ಕಿಂತ ಉದ್ದ ಇರುತ್ತದೆ.